ಆಟದ ಪೀರಿಯಡ್: ಖಾಸಗಿ ಶಾಲೆಯ ಕ್ರೀಡೆ ಯಾರಿಗಾಗಿ?

ಈ ತಿಂಗಳು ಬಂದ ಪತ್ರಗಳಲ್ಲಿ ಖಾಸಗಿ ಶಾಲೆಗಳ ಕ್ರೀಡೆಯ ಬಗ್ಗೆ ಕೇಳಿದವೇ ಜಾಸ್ತಿ. ಆಡಳಿತ ಮಂಡಳಿಯವರು, ತಂದೆತಾಯಿ, ಮಕ್ಕಳು ಎಲ್ಲರೂ ಬರೆದಿದ್ದಾರೆ. ನಾನು ಅಥ್ಲೆಟಿಕ್ಸ್ ಕೋಚ್ ಆಗಿ ಕೆಲಸ ಮಾಡಿದ್ದೂ ಇಂಥ ಶಾಲೆಯಲ್ಲೇ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಒಂದು ಖಾಸಗಿ ಶಾಲೆಯ ಆಡಳಿತ ಮಂಡಳಿಯಲ್ಲಿದ್ದೇನೆ. ಶಾಲೆ ನಡೆಯುವುದು ಪೂರ್ತಿ ಫೀಸಿನ ಮೇಲೆ. ಈ ವರ್ಷ ಖರ್ಚು ಕಡಿಮೆ ಮಾಡಲೇಬೇಕು. ಕೋಚ್‌ಗಳ ಸಂಬಳ, ಮೈದಾನದ ನಿರ್ವಹಣೆ, ಪಂದ್ಯಗಳಿಗೆ ಹೋಗಿಬರುವ ಖರ್ಚು ಎಲ್ಲ ಸೇರಿದರೆ ದೊಡ್ಡ ಮೊತ್ತವಾಗುತ್ತದೆ. ಇಷ್ಟೆಲ್ಲ ಮಾಡಿಯೂ ಕೆಲವು ವರ್ಷಗಳಿಂದ ಹೇಳಿಕೊಳ್ಳುವಂಥ ಒಂದು ಕಪ್ ಬಂದಿಲ್ಲ. ಓದಿಗೆ ಹೋಗಬೇಕಾದ ಹಣ ಆಟಕ್ಕೆ ಹೋಗುತ್ತಿದೆ ಎಂದು ಸದಸ್ಯರು ಗೊಣಗುತ್ತಿದ್ದಾರೆ. ಸಭೆಯಲ್ಲಿ ನಾನು ಏನು ಹೇಳಲಿ?

ಉತ್ತರ: ಕಪ್ಪಿನ ಲೆಕ್ಕ ಬಿಡಿ ಸರ್. ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ. ಕಳೆದ ವಾರ ನಮ್ಮ ಶಾಲೆಯ ಎಷ್ಟು ಮಕ್ಕಳು ಮೈ ಬೆವರುವಷ್ಟು ಆಡಿದರು? ಈ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ, ನೋಡಿ. ಗೆದ್ದ ಪದಕಗಳ ಪಟ್ಟಿ ಇರುತ್ತದೆ. ಸೋತ ಪಂದ್ಯಗಳ ಪಟ್ಟಿಯೂ ಇರಬಹುದು. ತಂಡಕ್ಕೇ ಬಾರದ ಮಕ್ಕಳ ಪಟ್ಟಿ ಮಾತ್ರ ಇರುವುದಿಲ್ಲ. ಫೀಸು ಕಟ್ಟುವವರಲ್ಲಿ ಅವರ ತಂದೆತಾಯಿಯೇ ಜಾಸ್ತಿ ಜನ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ಬಗ್ಗಿಸಿ ಓಡಾಡಬೇಕು, ವಾರಕ್ಕೆ ಮೂರು ದಿನ ಮೂಳೆ-ಸ್ನಾಯು ಗಟ್ಟಿಯಾಗುವಂಥ ಜೋರಿನ ಆಟ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದೇ ಸಂಸ್ಥೆಯವರು 2016ರವರೆಗಿನ ಅಂಕಿಅಂಶ ಹಿಡಿದು ನೋಡಿದಾಗ, ಶಾಲೆಗೆ ಹೋಗುವ 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಮಂದಿ ಅಷ್ಟು ಓಡಾಡುತ್ತಿರಲಿಲ್ಲ. ಹುಡುಗಿಯರಲ್ಲಂತೂ ನೂರಕ್ಕೆ 85. ಇದು ಜಗತ್ತಿನಾದ್ಯಂತದ ಲೆಕ್ಕ. ಮನೆಯಲ್ಲಿ ಆಗದ ಕೆಲಸ ಶಾಲೆಯಲ್ಲಿ ಆಗಬೇಕು. ಮಗು ದಿನದ ಹೆಚ್ಚು ಹೊತ್ತು ಇರುವುದು ಅಲ್ಲೇ ಅಲ್ವಾ?

ಇನ್ನು ಓದಿನ ಮಾತು. 2014ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. 7ರಿಂದ 9 ವರ್ಷದ 221 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂಬತ್ತು ತಿಂಗಳು ಶಾಲೆ ಬಿಟ್ಟ ಮೇಲೆ ಆಟ ಆಡಿಸಿದರು. ಗಮನ ಬೇರೆಡೆ ಹೋಗದಂತೆ ತಡೆಯುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವುದು, ಈ ಎರಡರಲ್ಲೂ ಆಡಿದ ಮಕ್ಕಳು ಹೆಚ್ಚು ಸುಧಾರಿಸಿದ್ದರು. ಆಡಿದರೆ ಗಣಿತದಲ್ಲಿ ಇಷ್ಟು ಅಂಕ ಏರುತ್ತದೆ ಎಂದು ನಾನು ಹೇಳುವುದಿಲ್ಲ, ನೀವೂ ಸಭೆಯಲ್ಲಿ ಹಾಗೆ ಹೇಳಬೇಡಿ. ಆದರೆ ಬೆಂಚಿನ ಮೇಲೆ ಕೂತು ಪಾಠ ಕೇಳಲು ಬೇಕಾದ ಶಕ್ತಿಯೇ ಮೈದಾನದಲ್ಲೂ ಬೆಳೆಯುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಅದನ್ನು ಹೇಳಲು ನಿಮ್ಮನ್ನು ಸ್ವಲ್ಪ ಹೊತ್ತು ಟ್ರ್ಯಾಕಿನ ಪಕ್ಕ ನಿಲ್ಲಿಸಬೇಕು. ನಾಲ್ವರು ನೂರು ನೂರು ಮೀಟರ್ ಓಡುವ 4×100 ರಿಲೇಯಲ್ಲಿ ಬ್ಯಾಟನ್, ಅಂದರೆ ಒಬ್ಬರಿಂದ ಒಬ್ಬರಿಗೆ ಕೊಡುವ ಕೋಲು, ಕೈ ಬದಲಾಗಲು ಇರುವ ಜಾಗ 30 ಮೀಟರ್. ಅದರ ಹಿಂದೆ, ಓಡಿಬರುವವನ ದಾರಿಯಲ್ಲಿ, ಒಂದು ಟೇಪಿನ ಗುರುತು ಅಂಟಿಸುತ್ತೇವೆ. ಓಡಿಬರುವವನು ಆ ಗುರುತು ದಾಟಿದ ತಕ್ಷಣ ಮುಂದೆ ನಿಂತವನು ಜೋರಾಗಿ ಓಟ ಶುರು ಮಾಡಬೇಕು. ಆಮೇಲೆ ಹಿಂದೆ ತಿರುಗಿ ನೋಡುವ ಹಾಗಿಲ್ಲ. ಹಿಂದಿನಿಂದ ಕೂಗು ಬಂದಾಗ ಅಂಗೈ ಬಿಚ್ಚಿ ಕೈ ಹಿಂದಕ್ಕೆ ಚಾಚಬೇಕು, ಅಲುಗಾಡಿಸದೆ ಹಿಡಿಯಬೇಕು. ಮೊದಮೊದಲು ಎಲ್ಲ ಮಕ್ಕಳೂ ತಿರುಗಿ ನೋಡುತ್ತಾರೆ. ವೇಗದ ಹುಡುಗನ ಕಷ್ಟವೇ ಬೇರೆ. ಅವನು ಒಂದೇ ಏಟಿಗೆ ಮುಂದೆ ಹೋಗಿಬಿಡುತ್ತಾನೆ, ಹಿಂದಿನವನ ಕೈ ಎಟುಕುವುದೇ ಇಲ್ಲ. ಆಗ ಅವನು ಏನು ಮಾಡಬೇಕು? ಟೇಪನ್ನು ಕಿತ್ತು ತನ್ನ ಹತ್ತಿರಕ್ಕೆ ತಂದು ಅಂಟಿಸಬೇಕು. ಹಿಮ್ಮಡಿಗೆ ಬೆರಳು ತಾಗಿಸಿ ಪಾದ ಪಾದ ಅಳೆಯುತ್ತಾ, 'ಇವನು ನೂರು ಮೀಟರ್ ಓಡಿ ಸುಸ್ತಾಗಿ ಬರುತ್ತಾನೆ, ಇವನ ವೇಗಕ್ಕೆ ನಾನು ಎಷ್ಟು ತಡೆದು ಹೊರಡಬೇಕು' ಎಂದು ಲೆಕ್ಕ ಹಾಕಬೇಕು. ತರಗತಿಯಲ್ಲಿ ಮೊದಲು ಬರುವ ಹುಡುಗ ಮಂಡಿಯೂರಿ ಕೂತು, ತನಗಿಂತ ನಿಧಾನದ ಗೆಳೆಯನಿಗಾಗಿ ಟೇಪು ಸರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇದನ್ನು ಯಾವ ಪಾಠದಲ್ಲಿ ಕಲಿಸುತ್ತೀರಿ ಸರ್? 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡವೂ ಮಹಿಳೆಯರ ತಂಡವೂ ಬ್ಯಾಟನ್ ಬೀಳಿಸಿ ಫೈನಲ್‌ಗೇ ಬರಲಿಲ್ಲ. ನಾಲ್ಕು ಜನ ವೇಗದವರು ಸೇರಿದ ಮಾತ್ರಕ್ಕೆ ತಂಡ ಆಗಿಬಿಡುವುದಿಲ್ಲ.

ಖಾಸಗಿ ಶಾಲೆಗೆ ಒಂದು ಸ್ವಾತಂತ್ರ್ಯ ಇದೆ. ಟೈಮ್‌ಟೇಬಲ್ ನಿಮ್ಮದು, ಕೋಚ್ ಯಾರು ಎಂಬ ತೀರ್ಮಾನ ನಿಮ್ಮದು. ಮೇಲಿನಿಂದ ಆದೇಶ ಬರಲಿ ಎಂದು ಕಾಯಬೇಕಾಗಿಲ್ಲ. ಶಾಲೆಯ ಕ್ರೀಡೆ ಬೆಳೆದದ್ದೂ ಇಂಥ ಕಡೆಯಲ್ಲೇ. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ 1845ರಲ್ಲಿ ರಗ್ಬಿ ಆಟದ ನಿಯಮಗಳನ್ನು ಮೊದಲ ಸಲ ಬರೆದಿಟ್ಟವರು ಮೇಷ್ಟ್ರುಗಳಲ್ಲ, ವಿದ್ಯಾರ್ಥಿಗಳು. ಪಿಯರ್ ದ ಕೂಬರ್ತ್ಯಾ ಎಂಬ ಫ್ರೆಂಚ್ ತರುಣ 1883ರಲ್ಲಿ ಆ ದೇಶದ ಶಾಲೆಗಳನ್ನು ಸುತ್ತಿ, ಅಲ್ಲಿ ಕಂಡದ್ದನ್ನು ತಲೆಯಲ್ಲಿ ಹೊತ್ತು ಊರಿಗೆ ಮರಳಿದರು. 1896ರಲ್ಲಿ ಅಥೆನ್ಸ್‌ನಲ್ಲಿ ಆಧುನಿಕ ಒಲಿಂಪಿಕ್ಸ್ ಶುರುವಾದದ್ದು ಅವರ ಓಡಾಟದಿಂದಲೇ. ಹುಡುಗರು ತಾವೇ ಆಟ ಏರ್ಪಡಿಸಿ, ತಾವೇ ನಾಯಕರಾಗಿ, ಜಗಳ ಬಂದರೆ ತಾವೇ ತೀರ್ಮಾನ ಮಾಡುತ್ತಿದ್ದದ್ದು ಅವರಿಗೆ ತುಂಬ ಹಿಡಿಸಿತ್ತು.

ಆ ಸ್ವಾತಂತ್ರ್ಯ ದಾರಿ ತಪ್ಪುವುದೂ ಉಂಟು. ಕೆಲವು ಶಾಲೆಗಳು ತಯಾರಾದ ಆಟಗಾರರನ್ನು ಹೊರಗಿನಿಂದ ಕರೆತಂದು ಫೀಸು ಮಾಫಿ ಮಾಡುತ್ತವೆ. ಅವರ ಫೋಟೋ ಜಾಹೀರಾತಿಗೆ ಹಾಕುತ್ತವೆ. ಉಳಿದ ಮಕ್ಕಳೆಲ್ಲ ಚಪ್ಪಾಳೆ ತಟ್ಟಲು. ಇದಕ್ಕೆ ಖರ್ಚಾಗುವ ಹಣವನ್ನು ನಿಮ್ಮ ಸದಸ್ಯರು ಪ್ರಶ್ನಿಸಿದರೆ ನಾನು ಅವರ ಪರವೇ ನಿಲ್ಲುತ್ತೇನೆ.

ಎಲ್ಲಿ ಕಡಿತ ಮಾಡಬಹುದು? ಫ್ಲಡ್‌ಲೈಟ್, ಪ್ರತಿ ವರ್ಷ ಹೊಸ ಜೆರ್ಸಿ, ಒಂದೇ ತಂಡದ ದೂರದ ಪ್ರಯಾಣ, ಇವೆಲ್ಲ ನಿಲ್ಲಿಸಿ. ಕೋಚ್ ಸಂಬಳಕ್ಕೆ ಕೈ ಹಾಕಬೇಡಿ. ಮಕ್ಕಳ ಹೆಸರು ಹಿಡಿದು ಕರೆಯಬಲ್ಲ, ವರ್ಷಾನುಗಟ್ಟಲೆ ಅಲ್ಲೇ ಇರುವ ಕೋಚ್ ಒಬ್ಬರು ಹೋದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಅಥ್ಲೆಟಿಕ್ಸ್‌ಗೆ ಖರ್ಚೂ ಕಡಿಮೆ. ಸುಣ್ಣದ ಗೆರೆ, ಮರಳಿನ ಗುಂಡಿ, ಅಳತೆ ಟೇಪು, ಸ್ಟಾಪ್‌ವಾಚು, ಒಂದೆರಡು ಶಾಟ್‌ಪುಟ್ ಗುಂಡು ಇದ್ದರೆ ಸಾಕು. ಎಲ್ಲ ಬಗೆಯ ಮೈಕಟ್ಟಿನ ಮಕ್ಕಳಿಗೂ ಇದರಲ್ಲಿ ಜಾಗ ಇದೆ. ಓಟದಲ್ಲಿ ಹಿಂದೆ ಬೀಳುವ ದಪ್ಪ ಹುಡುಗಿ ಗುಂಡು ಎಸೆದಾಗ ಉಳಿದವರು ಬಾಯಿ ಬಿಟ್ಟು ನೋಡುತ್ತಾರೆ. ಒಂದು ನೋಟ್‌ಬುಕ್ ಇಡಿಸಿ. ಪ್ರತಿ ಮಗುವಿನ ಓಟದ ಸಮಯ, ಜಿಗಿತದ ಅಳತೆ ತಿಂಗಳಿಗೊಮ್ಮೆ ಬರೆಸಿ. ಮಗು ತನ್ನ ಹಿಂದಿನ ತಿಂಗಳ ಅಂಕಿಯನ್ನೇ ದಾಟಬೇಕು, ಅಷ್ಟೇ. ಮುಂದಿನ ವರ್ಷದ ಸಭೆಗೆ ಕಪ್ ಬದಲು ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ.

ಪ್ರಶ್ನೆ: ಹೋಂವರ್ಕ್ ಮಾಡದಿದ್ದರೆ ಅಥವಾ ಕ್ಲಾಸಿನಲ್ಲಿ ಗಲಾಟೆ ಮಾಡಿದರೆ ನನ್ನ ಮಗನ ಶಾಲೆಯಲ್ಲಿ ಆಟದ ಪೀರಿಯಡ್ ಕಟ್. ಇದು ಸರಿಯೇ?

ಉತ್ತರ: ಸರಿಯಲ್ಲ. ಗಲಾಟೆ ಮಾಡುವ ಮಗುವಿಗೇ ಓಡಾಟ ಎಲ್ಲರಿಗಿಂತ ಜಾಸ್ತಿ ಬೇಕಾಗಿರುತ್ತದೆ. ಗಣಿತ ಬಾರದ ಮಗುವಿಗೆ ಗಣಿತದ ಪೀರಿಯಡ್ ಕಟ್ ಮಾಡುತ್ತಾರೆಯೇ ಎಂದು ಮುಖ್ಯೋಪಾಧ್ಯಾಯರನ್ನು ಸಮಾಧಾನವಾಗಿ ಕೇಳಿ. ಹಾಗೆಯೇ ಶಿಕ್ಷೆಗೆಂದು ಲ್ಯಾಪ್ ಓಡಿಸುವುದೂ ಬೇಡ. ಓಟ ಎಂದರೆ ಶಿಕ್ಷೆ ಎಂದು ಒಮ್ಮೆ ತಲೆಗೆ ಹೋದರೆ ಅದನ್ನು ತೆಗೆಯುವುದು ಬಹಳ ಕಷ್ಟ.

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಅವನ ತರಗತಿಯಲ್ಲಿ ಓಟದಲ್ಲಿ ಅವನೇ ಮುಂದು. ಫುಟ್‌ಬಾಲ್, ಈಜು ಬಿಡಿಸಿ ವರ್ಷವಿಡೀ ಓಟದ ತರಬೇತಿ ಕೊಡಿಸಿ ಎಂದು ಶಾಲೆಯ ಕೋಚ್ ಹೇಳುತ್ತಿದ್ದಾರೆ. ಬೆಳೆಯುವ ಪೈರು ಮೊಳಕೆಯಲ್ಲಿ ಅನ್ನುತ್ತಾರಲ್ಲ. ಈಗಲೇ ಒಂದೇ ಆಟ ಹಿಡಿಸಿದರೆ ಒಳ್ಳೆಯದಲ್ಲವೇ?

ಉತ್ತರ: ಮೊದಲು ಮಗನ ಹುಟ್ಟಿದ ತಿಂಗಳು ನೋಡಿ. ಒಂದೇ ತರಗತಿಯಲ್ಲಿ ಕೂರುವ ಮಕ್ಕಳ ನಡುವೆ ಹೆಚ್ಚುಕಮ್ಮಿ ಒಂದು ವರ್ಷದ ಅಂತರ ಇರಬಹುದು. 9ನೇ ವಯಸ್ಸಿಗೆ ಅದು ಸಣ್ಣ ಅಂತರವಲ್ಲ. ಕೆನಡಾದ ಐಸ್ ಹಾಕಿಯಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ. ಅಲ್ಲಿನ ಒಳ್ಳೊಳ್ಳೆಯ ತಂಡಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ಜಾಸ್ತಿ ಇದ್ದಾರೆ ಎಂದು 1985ರಲ್ಲೇ ಸಂಶೋಧಕರು ತೋರಿಸಿದರು. ಚಿಕ್ಕಂದಿನಲ್ಲಿ ನಾಲ್ಕು ತಿಂಗಳು ದೊಡ್ಡವನಾದ ಹುಡುಗ ಆಯ್ಕೆಯಾಗುತ್ತಾನೆ, ಅವನಿಗೇ ತರಬೇತಿ ಸಿಗುತ್ತದೆ, ಹಾಗಾಗಿ ಅವನೇ ಮುಂದೆ ಹೋಗುತ್ತಾನೆ. ಬಿಟ್ಟುಹೋದವನು ಆಟವನ್ನೇ ಬಿಡುತ್ತಾನೆ. ಆಮೇಲೆ ಮೈ ಬೆಳೆಯುವ ವೇಗವೂ ಒಬ್ಬೊಬ್ಬರದು ಒಂದೊಂದು. ಹುಡುಗರು ಸರಾಸರಿ 14ರ ಸುಮಾರಿಗೆ, ಹುಡುಗಿಯರು 12ರ ಸುಮಾರಿಗೆ ದಿಢೀರ್ ಎತ್ತರವಾಗುತ್ತಾರೆ. ಕೆಲವರಿಗೆ ಅದು ಬೇಗ, ಕೆಲವರಿಗೆ ತಡ. ಗಾದೆ ಪೈರಿನ ವಿಷಯದಲ್ಲಿ ನಿಜ ಇರಬಹುದು. 9 ವರ್ಷದ ಓಟಗಾರನ ವಿಷಯದಲ್ಲಿ ಅದನ್ನು ನಂಬಬೇಡಿ.

ಒಂದೇ ಆಟಕ್ಕೆ ನಿಲ್ಲುವುದನ್ನು 15-16 ವರ್ಷದವರೆಗೆ ಮುಂದಕ್ಕೆ ಹಾಕಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಸಲಹೆ ಕೊಟ್ಟಿದೆ. ವಾರಕ್ಕೆ ಒಂದೆರಡು ದಿನ ರಜೆ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಬೇಕು ಎಂದೂ ಹೇಳಿದೆ. ಒಂದೇ ಚಲನೆ ದಿನವೂ ಮಾಡಿದರೆ ಬೆಳೆಯುವ ಮೂಳೆಯ ಒಂದೇ ಜಾಗಕ್ಕೆ ಪೆಟ್ಟು ಬೀಳುತ್ತಿರುತ್ತದೆ. ಉಸೇನ್ ಬೋಲ್ಟ್ ಹುಡುಗನಾಗಿದ್ದಾಗ ಕ್ರಿಕೆಟ್‌ನಲ್ಲಿ ವೇಗದ ಬೌಲರ್. ಅವರ ಓಟ ನೋಡಿ ಟ್ರ್ಯಾಕಿಗೆ ಹೋಗು ಎಂದದ್ದು ಶಾಲೆಯ ಕ್ರಿಕೆಟ್ ಕೋಚ್.

ನಾರ್ವೆ ದೇಶವನ್ನೂ ನೋಡಿ. ಮಕ್ಕಳ ಕ್ರೀಡೆಗೆಂದು ಅಲ್ಲಿ 1987ರಿಂದಲೂ ಪ್ರತ್ಯೇಕ ನಿಯಮಗಳಿವೆ. ತೀರ ಚಿಕ್ಕ ಮಕ್ಕಳ ಸ್ಪರ್ಧೆಗಳಲ್ಲಿ ಯಾರು ಮೊದಲು, ಯಾರು ಕೊನೆ ಎಂಬ ಪಟ್ಟಿ ಹಾಕುವುದಿಲ್ಲ. 13 ಆಗುವವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಆ ದೇಶದ ಜನಸಂಖ್ಯೆ 55 ಲಕ್ಷದ ಆಸುಪಾಸು. 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಎಲ್ಲರಿಗಿಂತ ಮುಂದಿತ್ತು. ಮಕ್ಕಳನ್ನು ಸುಮ್ನೆ ಆಡಲು ಬಿಟ್ಟಿದ್ದರಿಂದ ಅವರಿಗೇನೂ ನಷ್ಟ ಆಗಲಿಲ್ಲ. ಮಗ ಫುಟ್‌ಬಾಲ್ ಆಡಲಿ, ಈಜಲಿ. ಓಟ ಎಲ್ಲೂ ಹೋಗುವುದಿಲ್ಲ.

ಪ್ರಶ್ನೆ: ನನ್ನ ಮಗ ಓಟದಲ್ಲಿ ಚೆನ್ನಾಗಿದ್ದಾನೆ ಎಂದು ಒಂದು ಖಾಸಗಿ ಶಾಲೆ ಫೀಸಿನಲ್ಲಿ ರಿಯಾಯಿತಿ ಕೊಟ್ಟು ಸೇರಿಸಿಕೊಂಡಿತು. ಈಗ 13 ವರ್ಷ. ಮಂಡಿಚಿಪ್ಪಿನ ಕೆಳಗೆ ಗಂಟಿನ ಹಾಗೆ ಉಬ್ಬಿದೆ. ಮೆಟ್ಟಿಲು ಹತ್ತುವಾಗ ನೋವು ಎನ್ನುತ್ತಾನೆ. ಕೋಚ್ 'ಓಡ್ತಾ ಓಡ್ತಾ ಸರಿ ಹೋಗುತ್ತೆ' ಎನ್ನುತ್ತಾರೆ. ಓಡದಿದ್ದರೆ ರಿಯಾಯಿತಿ ಹೋಗುತ್ತದೇನೋ ಎಂಬ ಭಯ ನಮಗೆ.

ಉತ್ತರ: ಈ ಪತ್ರ ಓದಿ ನನಗೆ ನಿಜಕ್ಕೂ ಕೋಪ ಬಂತು. ನಿಮ್ಮ ಮೇಲಲ್ಲ.

ಮೊದಲು ಮೂಳೆ ವೈದ್ಯರಿಗೆ ತೋರಿಸಿ. ಓಡುವ, ಜಿಗಿಯುವ ಮಕ್ಕಳಲ್ಲಿ ಈ ವಯಸ್ಸಿಗೆ ಹೀಗಾಗುವುದು ಅಪರೂಪವಲ್ಲ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪಿನ ಮೂಲಕ ಬಂದು ಮೊಣಕಾಲಿನ ಕೆಳಗಿನ ಮೂಳೆಗೆ ಅಂಟುವ ಜಾಗ ಅದು. ಅಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಗಟ್ಟಿಯಾಗಿರುವುದಿಲ್ಲ. ಸ್ನಾಯು ಪದೇ ಪದೇ ಎಳೆದರೆ ಉಬ್ಬಿ ನೋಯುತ್ತದೆ. ವೈದ್ಯರು ಇದನ್ನು ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ನಿಮ್ಮ ಮಗನದೂ ಅದೇ ಹೌದೋ ಅಲ್ಲವೋ ಅವರೇ ನೋಡಿ ಹೇಳಬೇಕು. ಅದೇ ಆಗಿದ್ದರೆ ಸಾಮಾನ್ಯವಾಗಿ ಬೆಳವಣಿಗೆ ಮುಗಿದಂತೆ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಜಿಗಿತ, ಸ್ಪ್ರಿಂಟ್ ಕಡಿಮೆ ಮಾಡಿ, ನೋವು ಹೆಚ್ಚಾಗದಂಥ ವ್ಯಾಯಾಮ ಮಾಡಿಸುತ್ತಾರೆ. ನೋವಿನ ಮೇಲೆ ಓಡಿಸುವುದು ಚಿಕಿತ್ಸೆಯಲ್ಲ.

ಇನ್ನು ರಿಯಾಯಿತಿ. ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ ಎಂದು ಬರಹದಲ್ಲಿ ಕೇಳಿ. 'ಗಾಯವಾದರೆ ಏನು' ಎಂಬ ಸಾಲು ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿಕೊಡಿ ಎಂದು ಕೇಳಿ. ವೈದ್ಯರ ಚೀಟಿಯ ಪ್ರತಿಯನ್ನು ಕೋಚ್‌ಗೂ ಮುಖ್ಯೋಪಾಧ್ಯಾಯರಿಗೂ ಇಬ್ಬರಿಗೂ ಕೊಡಿ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಮಗುವನ್ನು ಸೇರಿಸಿಕೊಂಡ ಮೇಲೆ ಆ ಮಗು ಶಾಲೆಯ ವಿದ್ಯಾರ್ಥಿ. ಕಾಲು ನೋವು ಬಂತೆಂದು ಅವನ ಓದಿಗೆ ಕತ್ತರಿ ಹಾಕುವ ಶಾಲೆ ಅವನನ್ನು ಸೇರಿಸಿಕೊಳ್ಳಲೇಬಾರದಿತ್ತು. ಇದನ್ನು ಓದುತ್ತಿರುವ ಆಡಳಿತ ಮಂಡಳಿಯವರಿಗೂ ಒಂದು ಮಾತು: ಆಟದ ಮೇಲೆ ಸೀಟು ಕೊಡುವುದಾದರೆ ಶಾಲೆ ಮುಗಿಯುವವರೆಗೂ ಕೊಡಿ. ಬಡ ಮನೆಯ ಎಷ್ಟೋ ಮಕ್ಕಳಿಗೆ ಒಳ್ಳೆಯ ಶಾಲೆಯ ಬಾಗಿಲು ತೆರೆಯುವುದು ಇದೊಂದರಿಂದಲೇ. ಅದನ್ನು ಮಂಡಿನೋವಿಗೆ ಕಟ್ಟಿಹಾಕಬೇಡಿ.

ಪ್ರಶ್ನೆ: ಟೀಚರ್, ನಾನು 8ನೇ ತರಗತಿ. ಲಾಂಗ್ ಜಂಪ್ ಅಂದ್ರೆ ತುಂಬ ಇಷ್ಟ ಇತ್ತು. ಒಂದು ವರ್ಷದಿಂದ ಬರೀ ಫೌಲ್ ಆಗುತ್ತಿದೆ. ಮೊದಲಿನಷ್ಟು ದೂರವೂ ಹಾರಲು ಆಗುತ್ತಿಲ್ಲ. ನಮ್ಮ ಸ್ಪೋರ್ಟ್ಸ್ ಡ್ರೆಸ್ ಬಿಳಿ ಬಣ್ಣದ್ದು. ಪೀರಿಯಡ್ಸ್ ಇದ್ದಾಗ ಹೆದರಿಕೆ ಆಗುತ್ತೆ. ಬಿಟ್ಟುಬಿಡೋಣ ಅನ್ನಿಸುತ್ತಿದೆ.

ಉತ್ತರ: ಬಿಡಬೇಡ ಮಗಳೇ. ನಿನ್ನ ಕಾಲು ಉದ್ದ ಆಗಿದೆ, ಅಷ್ಟೇ.

ನಿಜವಾಗಿ ಹೇಳುತ್ತಿದ್ದೇನೆ. ಎತ್ತರ ಆದಾಗ ಹೆಜ್ಜೆಯೂ ಉದ್ದ ಆಗುತ್ತದೆ. ಹೋದ ವರ್ಷ ಅಳೆದಿಟ್ಟ ರನ್-ಅಪ್ ಗುರುತಿನಿಂದಲೇ, ಅಂದರೆ ಓಟ ಶುರು ಮಾಡುವ ಜಾಗದಿಂದಲೇ, ಈಗಲೂ ಓಡಿದರೆ ಹಾರುವ ಮುನ್ನ ಕಾಲಿಡುವ ಬೋರ್ಡಿನ ಆಚೆಗೆ ಪಾದ ಬೀಳುತ್ತದೆ. ಬೋರ್ಡಿನ ಅಗಲ ಬರೀ 20 ಸೆಂಟಿಮೀಟರ್. ಒಂದೊಂದು ಹೆಜ್ಜೆ ಎರಡೆರಡು ಸೆಂಟಿಮೀಟರ್ ಹೆಚ್ಚಾದರೂ ಹದಿನಾಲ್ಕು ಹೆಜ್ಜೆಗೆ ಎಷ್ಟಾಯಿತು ನೀನೇ ಲೆಕ್ಕ ಹಾಕು. ಹಾಗಾಗಿ ಹಳೆಯ ಗುರುತು ಮರೆತುಬಿಡು. ಬೋರ್ಡಿನಿಂದ ಹಿಂದಕ್ಕೆ ಓಡು, ಅಂದರೆ ಬೋರ್ಡಿನ ಮೇಲೆ ನಿಂತು ಗುಂಡಿಗೆ ಬೆನ್ನು ಮಾಡಿ ನಿನ್ನ ಪೂರ್ತಿ ರನ್-ಅಪ್ ಓಡು. ಕೊನೆಯ ಹೆಜ್ಜೆ ಎಲ್ಲಿ ಬಿತ್ತು ಎಂದು ಗೆಳತಿಗೆ ಗುರುತು ಮಾಡಲು ಹೇಳು. ನಾಲ್ಕೈದು ಸಲ ಹೀಗೆ ಮಾಡಿ ನಡುವಿನ ಜಾಗ ಹಿಡಿ. ಅದೇ ನಿನ್ನ ಹೊಸ ಗುರುತು. ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಅಳೆ. ದೂರ ಕಡಿಮೆಯಾದದ್ದಕ್ಕೂ ಕಾರಣ ಇದೆ. ಮೈಯ ತೂಕ, ಸಮತೋಲ ಬದಲಾಗಿದೆ, ಸ್ನಾಯುಗಳು ಅದಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕು. ದೊಡ್ಡವಳಾದ ಮೇಲೆ ಮೂಳೆಯಲ್ಲಿ ಇರುವ ಖನಿಜಾಂಶದ ಸುಮಾರು ಕಾಲು ಭಾಗ ಈ ಎತ್ತರವಾಗುವ ಎರಡು ವರ್ಷಗಳಲ್ಲೇ ಕೂಡಿಕೊಳ್ಳುತ್ತದೆ. ಜಿಗಿಯುವುದರಿಂದ ಮೂಳೆಗೆ ಒಳ್ಳೆಯದೇ. ಬಿಡಲು ಇದು ಸಮಯವೇ ಅಲ್ಲ.

ಡ್ರೆಸ್ ವಿಷಯ ನಿನ್ನೊಬ್ಬಳದಲ್ಲ. ವಿಂಬಲ್ಡನ್ ಟೆನಿಸ್‌ನಲ್ಲಿ ಎಲ್ಲವೂ ಬಿಳಿಯೇ ಇರಬೇಕೆಂಬ ಕಟ್ಟುನಿಟ್ಟು ಬಹಳ ಹಳೆಯದು. ಇದೇ ಕಾರಣಕ್ಕೆ ಅವರು 2023ರಿಂದ ಮಹಿಳೆಯರಿಗೆ ಗಾಢ ಬಣ್ಣದ ಒಳಚಡ್ಡಿ ತೊಡಲು ಬಿಟ್ಟರು. ಅವರೇ ಬದಲಾದರು ಎಂದ ಮೇಲೆ ನಿನ್ನ ಶಾಲೆ ಬದಲಾಗಬಾರದೇ? ನಾಲ್ಕು ಜನ ಹುಡುಗಿಯರು ಸೇರಿ ಒಂದು ಪತ್ರ ಬರೆಯಿರಿ. ಗಾಢ ಬಣ್ಣದ ಶಾರ್ಟ್ಸ್ ಬೇಕು, ಮೈದಾನದ ಹತ್ತಿರ ಬಾಗಿಲು ಹಾಕಿಕೊಳ್ಳುವಂಥ ಟಾಯ್ಲೆಟ್ ಬೇಕು, ಪ್ಯಾಡ್ ಇಟ್ಟಿರಬೇಕು ಎಂದು ಕೇಳಿ. ಅಮ್ಮನಿಗೆ ಹೇಳಿ ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ತೆಗೆದುಕೋ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೊಟ್ಟೆನೋವು ತುಂಬ ಇದ್ದ ದಿನ ಸುಮ್ನೆ ಬಿಡುವು ತೆಗೆದುಕೋ, ಕಾರಣ ಹೇಳಲೂ ಬೇಕಾಗಿಲ್ಲ. ಹೊಸ ಗುರುತು ಸಿಕ್ಕ ಮೇಲೆ ನನಗೆ ಬರೆ.

ಪ್ರಶ್ನೆ: ಹೌಸ್ ಮ್ಯಾಚಿನಲ್ಲಿ ಮಗಳ ತಲೆ ಇನ್ನೊಬ್ಬಳ ತಲೆಗೆ ಬಡಿಯಿತು. ಪ್ರಜ್ಞೆ ತಪ್ಪಿಲ್ಲ ಎಂದು ಎರಡೇ ನಿಮಿಷದಲ್ಲಿ ಮತ್ತೆ ಆಡಿಸಿದರು. ಸಂಜೆ ತಲೆನೋವು ಎಂದು ಮಲಗಿದಳು. ಮಾರನೆಯ ದಿನ ಸರಿಹೋದಳು. ಈ ವಾರ ಮತ್ತೆ ಮ್ಯಾಚ್ ಇದೆ.

ಉತ್ತರ: ಈ ವಾರ ಆಡಿಸಬೇಡಿ. ಇವತ್ತೇ ವೈದ್ಯರಿಗೆ ತೋರಿಸಿ. ಮಿದುಳಿಗೆ ಏಟು ಬೀಳಲು ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ತಲೆನೋವು, ತಲೆಸುತ್ತು, ಮಂಕು, ಬೆಳಕು ಕಂಡರೆ ಕಿರಿಕಿರಿ, ಇವೆಲ್ಲ ಸೂಚನೆಗಳೇ. ಅನುಮಾನ ಬಂದರೂ ಸಾಕು, ಆ ದಿನ ಮತ್ತೆ ಮೈದಾನಕ್ಕೆ ಇಳಿಸಬಾರದು. ಇದು ಎಲ್ಲ ಕಡೆ ಒಪ್ಪಿರುವ ನಿಯಮ. ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ನಿದ್ದೆ, ಫಿಟ್ಸ್, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು ಕಂಡರೆ ಕಾಯದೆ ಆಸ್ಪತ್ರೆಗೆ ಓಡಿ. ಮೊದಲು ಪೂರ್ತಿ ತರಗತಿಗೆ ಮರಳಲಿ. ಆಮೇಲೆ ನಡಿಗೆ, ನಿಧಾನದ ಓಟ, ಡಿಕ್ಕಿ ಇಲ್ಲದ ಅಭ್ಯಾಸ, ಹೀಗೆ ಹಂತ ಹಂತವಾಗಿ ಬರಲಿ. ಯಾವುದೇ ಹಂತದಲ್ಲಿ ನೋವು ಹೆಚ್ಚಾದರೆ ಒಂದು ಹೆಜ್ಜೆ ಹಿಂದೆ ಹೋಗಬೇಕು. ಕೊನೆಗೆ ವೈದ್ಯರು ಬರೆದುಕೊಟ್ಟ ಮೇಲಷ್ಟೇ ಮ್ಯಾಚ್. ತಲೆಗೆ ಪೆಟ್ಟು ಬಿದ್ದಾಗ ಆಟ ನಿಲ್ಲಿಸುವ ಅಧಿಕಾರ ಯಾರದು ಎಂದು ಶಾಲೆಗೆ ಪತ್ರ ಬರೆದು ಕೇಳಿ. ಆ ಹೆಸರು ಕೋಚ್‌ದಾಗಿರದಿದ್ದರೆ ಒಳ್ಳೆಯದು, ಗೆಲ್ಲುವ ಗಡಿಬಿಡಿಯಲ್ಲಿ ಇಲ್ಲದ ಬೇರೆ ಯಾರಾದರೂ ಇರಲಿ.